ಉಪ್ಪಿನ ಜಾಗ

ಮೊದಲ ಸಲ ಹನ್ನೊಂದು ಹಾಳೆ ಬರೆದೆ.
ಶತಮಾನ, ಶೈಲಿ, ಶಿಖರದ ಕುಲಗೋತ್ರ,
ಯಾವ ಅರಸನ ಯಾವ ಮಗ ಯಾವ ಊರು ಗೆದ್ದ.
ಕನ್ನಡಿಯ ಮುಂದೆ ನಿಂತು ಒಪ್ಪಿಸಿದೆ,
ಹಿತ್ತಲ ಗೂಟದ ಹೋತಕ್ಕೂ ಒಪ್ಪಿಸಿದೆ.
ಹೋತ ಮೂರನೆಯ ಹಾಳೆ ತಿಂದಿತು.

‘ಹೋತಕ್ಕ ತಿಳದೈತಿ’ ಎಂದ ಯಂಕಪ್ಪ ತಳವಾರ.
ಮೂವತ್ತಾರು ವರ್ಷ ಐಹೊಳೆಯ ಗುಡಿಗಳ
ಕೀಲಿ ಹೊತ್ತವನು; ನಿವೃತ್ತನಾದರೂ
ನಡೆಯುವಾಗ ಒಂದು ಸೊಂಟ ಇನ್ನೂ ವಾಲುತ್ತದೆ.
‘ಬಸ್ಸಿನ್ಯಾಗ ನಾಕ ತಾಸು ಕುಂತು ಬಂದಿರತಾರ, ತಂಗಿ.
ಮದ್ಲ ನೆರಳಿಗೆ ನಿಲ್ಲಸು.
ಬರಿಗಾಲಿಗೆ ಕಲ್ಲು ತಣ್ಣಗ ಹತ್ತಲಿ.
ಆಮ್ಯಾಲ ಒಂದು ಮಾತಾಡು.
ಒಂದ.’

ಒಂದು, ಅಂದರೆ ಯಾವುದು?
ದುರ್ಗದ ಗುಡಿ ದುರ್ಗೆಯದಲ್ಲ ಎಂಬುದೇ?
ಅದು ಎಲ್ಲರ ಫೋನಿನಲ್ಲೂ ಇದೆ.
ಮಾಡಿನಲ್ಲಿ ತೇಲುವ ಗಂಧರ್ವ ಜೋಡಿಯೇ?
ಪ್ರೀತಿಸಿ ಹಾರುವವರಿಗೆ ಗೈಡು ಯಾಕೆ?
ರಾತ್ರಿಯೆಲ್ಲ ಹೊಡೆದು ಹಾಕಿದೆ:
‘ಸುಮಾರು’ ಹದಿನೇಳು ಕಡೆ, ‘ಭವ್ಯ’ ಒಂಬತ್ತು.

ಸಂಜೆ ಆತ ಕರೆದೊಯ್ದದ್ದು ಹೆಸರಿಲ್ಲದ ಗುಡಿಗೆ.
ಹೊರಗೆ ಇಲಾಖೆಯ ಬಿಳಿ ಅಂಕಿ,
ಒಳಗೆ ನೆಲದಲ್ಲೊಂದು ಕುಳಿ,
ಮುಂಗೈ ಇಳಿಯುವಷ್ಟು, ನುಣುಪು.
‘ಶಿಲ್ಪಿ ತೋಡಿದ್ದಲ್ಲ ಇದು. ನಿಮ್ಮ ಆಯಿಯ ಒಳ್ಳ.’

ಗೊತ್ತಿತ್ತು ನನಗೆ. ಗೊತ್ತಿದ್ದೂ ಬರೆದಿರಲಿಲ್ಲ.
ಆಯಿ ಲಗ್ನವಾಗಿ ಬಂದ ಮನೆಗೆ ಹದಿನಾರು ಕಂಬ.
ಆಮೇಲೆ ನೋಟೀಸು ಬಂತು, ತಂತಿಬೇಲಿ ಬಂತು,
ಆಯಿ ಪತ್ರಾಸಿನ ಸೂರಿಗೆ ಹೋದಳು.
ಮಾಡಿಗೆ ಹತ್ತಿದ ಅವಳ ಒಲೆಯ ಮಸಿಯನ್ನು
ಔಷಧಿ ಹಾಕಿ ತೊಳೆದರು. ಒಂದು ಮೂಲೆ ಉಳಿದಿದೆ,
ಎಮ್ಮೆಯ ಕಿವಿಯಷ್ಟು.
ಅದನ್ನು ಕೈ ಎತ್ತಿ ತೋರಿಸಬೇಕೋ,
ಜನ ತಲೆ ಎತ್ತದಂತೆ ಮಾತಿನಲ್ಲಿ ಹಿಡಿದಿಡಬೇಕೋ?

ಶನಿವಾರ ಮೂವತ್ತೊಂದು ಮಂದಿ,
ಗದಗಿನಿಂದ, ನಿವೃತ್ತ ನರ್ಸುಗಳು, ಒಂದಿಬ್ಬರ ಗಂಡಂದಿರು.
ನೆರಳಿಗೆ ನಿಲ್ಲಿಸಿದೆ. ಕಾಲು ತಣ್ಣಗಾಗುವವರೆಗೆ
ಬಾಯಿ ಮುಚ್ಚಿಕೊಂಡಿರುವುದೇ ಕಷ್ಟವಾಯಿತು.
ಆಮೇಲೆ ಹೇಳಿದೆ:
‘ಈ ಕುಳಿಯಲ್ಲಿ ಖಾರ ಕುಟ್ಟಿದ ಹೆಣ್ಣುಮಗಳು
ಇನ್ನೂ ಬದುಕಿದ್ದಾಳೆ.’

ಕ್ಯಾಮೆರಾದವರೊಬ್ಬರು ಮೇಲೆ ನೋಡಿ ಲೊಚಗುಟ್ಟಿದರು:
‘ಛೇ, ಎಂಥಾ ಶಿಲ್ಪ! ಹೆಂಗ ಕೆಡಿಸ್ಯಾರ ನೋಡ್ರಿ.’
ಹನ್ನೊಂದು ಹಾಳೆಯಲ್ಲಿ ಇದಕ್ಕೆ ಉತ್ತರ ಇರಲಿಲ್ಲ,
ಹೋತ ತಿಂದದ್ದರಲ್ಲೂ.

ಮಂಡಿ ಹಿಡಿದು ಕಲ್ಲಿನ ಜಗಲಿಗೆ ಕುಳಿತ ಒಬ್ಬಾಕೆ
ನನ್ನನ್ನಲ್ಲ, ಗೋಡೆಗಳನ್ನು ಕೇಳಿದರು:
‘ಉಪ್ಪ ಎಲ್ಲಿ ಇಡತಿದ್ಲು?’

ಅಷ್ಟೇ. ಮೂವತ್ತೊಂದು ಜನ
ಗುಡಿಯನ್ನು ನೋಡತೊಡಗಿದರು.
ಮಳೆನೀರು ಇಳಿದ ಗೆರೆ ಯಾವ ಗೋಡೆಗಿದೆ,
ಕುಳಿಯಿಂದ ಕೈಗೆಟುಕುವುದು ಯಾವ ಗೂಡು,
ಕಂಬದ ಯಾವ ಮಗ್ಗುಲು ಒಣಗಿದೆ,
ಎಂದು ಅಂಗೈಯಿಟ್ಟು, ಬಗ್ಗಿ, ಜಗಳವಾಡಿ.
ಕ್ಯಾಮೆರಾದವರೂ ಮಂಡಿಯೂರಿದರು.
ಡ್ರೈವರ್ ಎರಡು ಸಲ ಹಾರ್ನ್ ಹೊಡೆದ.

ರಾತ್ರಿ ಆಯಿ ಮೊರದಲ್ಲಿ ಜೋಳದ ಹರಳು ಆರಿಸುತ್ತಿದ್ದಳು.
ಕೇಳಿದೆ.
‘ಉಪ್ಪ? ಬಡಗಣ ಗೂಡಿನ್ಯಾಗ,
ಆ ಡೊಳ್ಳಹೊಟ್ಟೀಯವನ ಕಾಲ ಬುಡಕ.
ಒಂದು ಮಳಿಗಾಲಾನೂ ನೀರಾಗಲಿಲ್ಲ.’
ಮೊರ ನಿಂತಿತು.
‘ಅಂವಾ ಇನ್ನೂ ಅದಾನೇನು?’

‘ಅದಾನ, ಆಯಿ. ಮೂಗು ಹೋಗೈತಿ.’

‘ನಾ ಬಂದಾಗನ ಇರಲಿಲ್ಲ ಮೂಗು.
ಅದನ್ನ ಹೇಳು ನಿನ್ನ ಮಂದಿಗೆ.’